ಐವತ್ತನಾಲ್ಕು ಕಿಲೋಗೆ ತುಂಬಿದ ಗಾಳಿ

ತನ್ನ ಸೈಕಲ್ಲನ್ನು ಮಾರಿಬಿಡು ಎಂದು ಮಗಳು ಹೇಳಿದ ಬೆಳಿಗ್ಗೆ ನಾನು ಹಳೆಯ ಚೈನೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದೊಂದೇ ಕೊಂಡಿಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಒಟ್ಟು ನೂರಾ ಹದಿನಾರು ಕೊಂಡಿಗಳು. ಅವಳ ಮಾತು ಬಂದಾಗ ಎಪ್ಪತ್ತರ ಆಸುಪಾಸಿನಲ್ಲಿದ್ದೆ. ಕೈ ನಿಲ್ಲಲಿಲ್ಲ, ಎಣಿಕೆಯೂ ತಪ್ಪಲಿಲ್ಲ.

"ಅಪ್ಪಾ, ಕೇಳಿಸ್ತಾ?"

"ಕೇಳಿಸ್ತು."

"ಈ ತಿಂಗಳೊಳಗೆ ಅದು ಗೋಡೆಯಿಂದ ಇಳೀಬೇಕು. ಅದು ಹೋಗದಿದ್ರೆ ನಾನು ಹೋಗ್ತೀನಿ. ಚಿಕ್ಕಪ್ಪನ ಮಗ ಕನ್ನಡಕದ ಅಂಗಡಿಗೆ ಕರೀತಾನೇ ಇದಾನೆ. ಗಾಜು ಉಜ್ಜೋದು. ಕೂತಲ್ಲೇ ಕೆಲಸ."

"ಅವನ ಊರಿಗಾ?"

"ಇಲ್ಲ, ಅಂಗಡೀನೇ ಇಲ್ಲಿಗೆ ನಡ್ಕೊಂಡು ಬರುತ್ತೆ."

ಅವಳ ನಾಲಿಗೆ ಮೊದಲಿನಿಂದಲೂ ಹೀಗೆಯೇ. ಬಿದ್ದ ಮೇಲೂ ಅದೊಂದಕ್ಕೆ ಪೆಟ್ಟಾಗಲಿಲ್ಲ.

ನಮ್ಮದು ಹಳೆಯ ಮೌಂಟನ್ ಬೈಕುಗಳ ವ್ಯಾಪಾರ. ಬೆಟ್ಟ ಹತ್ತುತ್ತೇನೆಂದು ಹುಮ್ಮಸ್ಸಿನಿಂದ ಕೊಂಡು, ಎರಡು ಭಾನುವಾರ ಓಡಿಸಿ, ಆಮೇಲೆ ಬಾಲ್ಕನಿಯಲ್ಲಿ ಒದ್ದೆ ಟವೆಲ್ ಒಣಹಾಕಲು ಬಿಟ್ಟ ಸೈಕಲ್ಲುಗಳು ಈ ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಅಂಥವನ್ನು ಕೊಂಡು ತಂದು, ಪೂರ್ತಿ ಬಿಚ್ಚಿ, ಸವೆದದ್ದನ್ನು ತೆಗೆದು, ಮತ್ತೆ ಜೋಡಿಸಿ, ನಿಜವಾಗಿ ಓಡಿಸುವವರಿಗೆ ಮಾರುವುದು. ಇದನ್ನು ಮನೆಯ ಮುಂದಿನ ಕೋಣೆಯಲ್ಲಿ ಶುರುಮಾಡಿದವಳು ಮಗಳು. ಮೂವತ್ತೆರಡು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದ ನಾನು ಅವಳ ಬಳಿ ಕೆಲಸಕ್ಕೆ ಸೇರಿದವನು. ಸೈಕಲ್ಲಿನ ಚೌಕಟ್ಟನ್ನು ಉಗುರಿನಿಂದ ತಟ್ಟಿ, ಸದ್ದು ಎಲ್ಲಿ ಮಂಕಾಗುತ್ತದೋ ಅಲ್ಲಿ ಬಣ್ಣದ ಅಡಿ ಬಿರುಕಿದೆಯೆಂದು ತಿಳಿಯುವುದನ್ನು ನನಗೆ ಕಲಿಸಿದವಳು ಅವಳೇ. ಮಹಡಿಯ ಮೇಲಿರುವ ನನ್ನ ಅಕ್ಕ ಈ ಕೋಣೆಯನ್ನು ಆಸ್ಪತ್ರೆ ಎನ್ನುತ್ತಾಳೆ. ಎಪ್ಪತ್ತೆಂಟು ವರ್ಷದ ಅವಳು ಮೆಟ್ಟಿಲಿಳಿಯುವುದು ಕಡಿಮೆ. "ಇವತ್ತು ಎಷ್ಟು ಹೆಣ ಬಂದ್ವು?" ಎಂದು ಮೇಲಿನಿಂದಲೇ ಕೂಗಿ ವಿಚಾರಿಸಿಕೊಳ್ಳುತ್ತಾಳೆ.

ಹದಿಮೂರು ತಿಂಗಳ ಹಿಂದೆ ಮಗಳು ಕಲ್ಲುಗಣಿಯ ಗುಡ್ಡದ ದಾರಿಯಲ್ಲಿ ಬಿದ್ದಳು. ಮೂಳೆ ಮುರಿಯಲಿಲ್ಲ, ಗಾಯದ ಗುರುತೂ ಉಳಿಯಲಿಲ್ಲ. ಆದರೆ ಕಿವಿಯೊಳಗೆ ನಮ್ಮನ್ನು ನೆಟ್ಟಗೆ ನಿಲ್ಲಿಸುವ ನರವೊಂದಿರುತ್ತದಂತೆ. ಬಲಗಿವಿಯದು ಪೂರ್ತಿ, ಎಡಗಿವಿಯದು ಅರ್ಧ ಸತ್ತುಹೋಯಿತು. ಆಮೇಲೆ ಅವಳು ಕಣ್ಣಿನಿಂದ ನಿಲ್ಲುವುದನ್ನು ಕಲಿತಳು. ಎದುರಿನ ಕಂಬ, ಬಾಗಿಲು, ಸ್ಕ್ರೂಡ್ರೈವರ್ ಯಾವುದನ್ನಾದರೂ ದೃಷ್ಟಿಯಲ್ಲಿ ಹಿಡಿದುಕೊಂಡರೆ ದೇಹ ಅದರ ಆಧಾರದಲ್ಲಿ ನಿಲ್ಲುತ್ತದೆ. ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚಲೇಬೇಕಲ್ಲ, ಆಗ ನಲ್ಲಿಯನ್ನು ಒಂದು ಕೈಯಲ್ಲಿ ಹಿಡಿದಿರುತ್ತಾಳೆ. ಬೆಂಚಿನ ಮುಂದೆ ಕೂತರೆ ಮೊದಲಿನ ಮಗಳೇ: ಚಕ್ರವನ್ನು ತಿರುಗಿಸಿ, ಕೂದಲೆಳೆಯಷ್ಟು ಓಲಾಡಿದರೂ ಕಡ್ಡಿ ಬಿಗಿದು ಸರಿಮಾಡುತ್ತಾಳೆ. ಎರಡು ಚಕ್ರದ ಮೇಲೆ ಮಾತ್ರ ಅವಳು ಎರಡು ಗಜ ಹೋಗಲಾರಳು. ಆರು ತಿಂಗಳಾದ ಮೇಲೆ ಡಾಕ್ಟರು, "ಸೈಕಲ್ ವಿಷಯ ಮರೆತುಬಿಡಿ" ಎಂದರು. ಅವಳು "ಸರಿ" ಎಂದಳು. ನಾನು ಬಿಲ್ಲಿನ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡೆ. ಹೊರಗೆ ಬಂದಾಗ ಆಸ್ಪತ್ರೆಯ ಮುಂದೆ ಯಾರೋ ನೆಲ ತೊಳೆಯುತ್ತಿದ್ದರು. ಒದ್ದೆ ನೆಲ ಆಕಾಶವನ್ನು ಕೆಳಗೆ ತಂದಿತ್ತು. ಅವಳು ಅದರ ಮೇಲೆ ಕಾಲಿಡಲಾರದೆ ನಿಂತಳು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಅಂದಿನಿಂದ ಯಾವುದೂ ಬಂದಿಲ್ಲ.

ಅವಳು ಬಿದ್ದಾಗಿನಿಂದ ಒಳಗಿನ ಕೆಲಸ ಅವಳದು, ಹೊರಗಿನದು ನನ್ನದು. ಕೊಳ್ಳಲು ಬಂದವರಿಗೆ ಸೈಕಲ್ ತೋರಿಸುವುದು, ಅವರು ಓಡಿಸಿ ನೋಡುವಾಗ ಇನ್ನೊಂದು ಸೈಕಲ್ಲಿನಲ್ಲಿ ಹಿಂದೆ ಹೋಗುವುದು. ಇಷ್ಟು ವಯಸ್ಸಾದರೂ ನಿಧಾನಕ್ಕೆ ಗುಡ್ಡ ಹತ್ತಬಲ್ಲೆ.

ತೋರಿಸುವುದರಲ್ಲಿ ನಮ್ಮದೊಂದು ಕ್ರಮವಿದೆ. ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಫೋರ್ಕಿನ ಎಡಗಾಲಿನೊಳಗೆ ಗಾಳಿ ತುಂಬಿರುತ್ತದೆ. ಕಲ್ಲಿನ ಮೇಲೆ ಚಕ್ರ ಹಾರಿದಾಗ ಪೆಟ್ಟನ್ನು ನುಂಗುವುದು ಆ ಗಾಳಿಯೇ. ಗಾಳಿಯ ಒತ್ತಡ ಓಡಿಸುವವರ ತೂಕಕ್ಕೆ ಹೊಂದಬೇಕು. ಹಗುರದವರಿಗೆ ಹೆಚ್ಚಾದರೆ ಫೋರ್ಕು ಕಲ್ಲಾಗುತ್ತದೆ, ಭಾರದವರಿಗೆ ಕಡಿಮೆಯಾದರೆ ಕುಸಿದು ಬೀಳುತ್ತದೆ. ಆದ್ದರಿಂದ ಬಂದವರನ್ನು ಮೊದಲು ಸೀಟಿನ ಮೇಲೆ ಕೂರಿಸಿ, ಫೋರ್ಕು ಎಷ್ಟು ತಗ್ಗುತ್ತದೆಂದು ಅಳೆದು, ಸಣ್ಣ ಪಂಪಿನಿಂದ ಗಾಳಿ ತುಂಬಿ ಅಥವಾ ಬಿಟ್ಟು, ಆಮೇಲಷ್ಟೇ ಓಡಿಸಲು ಕೊಡುವುದು. ಇದನ್ನು ನಾವು ತೂಕ ಕೂರಿಸುವುದು ಎನ್ನುತ್ತೇವೆ. ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ಯಾವ ಸೈಕಲ್ಲೂ ನಮ್ಮ ಹೊಸ್ತಿಲು ದಾಟಿದ್ದಿಲ್ಲ.

ಬೆಂಚಿನ ಮೇಲಿನ ಗೋಡೆಗೆ ತೂಗುಹಾಕಿದ ಮಗಳ ಸೈಕಲ್ಲಿನ ಫೋರ್ಕಿನ ಒಳಬದಿಯಲ್ಲಿ ಬಿಳಿಯ ಟೇಪಿನ ತುಂಡೊಂದು ಅಂಟಿದೆ. ಅದರ ಮೇಲೆ ಅವಳ ಕೈಬರಹದಲ್ಲಿ ಎರಡು ಅಂಕಿಗಳು: ಐವತ್ತನಾಲ್ಕು, ಅರವತ್ತೆಂಟು. ಮೊದಲನೆಯದು ಅವಳ ತೂಕ, ಎರಡನೆಯದು ಅದಕ್ಕೆ ಬೇಕಾದ ಒತ್ತಡ. ಫೋರ್ಕಿನ ಗಾಳಿ ತಾನಾಗಿಯೇ ಸ್ವಲ್ಪ ಸ್ವಲ್ಪ ಸೋರುತ್ತದೆ. ಈ ಹದಿಮೂರು ತಿಂಗಳೂ, ತಿಂಗಳ ಮೊದಲ ಭಾನುವಾರ ಅವಳು ಸ್ನಾನಕ್ಕೆ ಹೋದಾಗ, ನಾನು ಏಣಿ ಹತ್ತಿ ಪಂಪಿನ ಮುಳ್ಳನ್ನು ಅರವತ್ತೆಂಟಕ್ಕೆ ತಂದು ಇಳಿಯುತ್ತಿದ್ದೆ. ಯಾಕೆಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಗಡಿಯಾರಕ್ಕೆ ಕೀ ಕೊಡುವವನು ಕೇಳಿಕೊಳ್ಳುತ್ತಾನೆಯೇ?

ಮಾರಬೇಕೆಂದಾಗ ಕೇಳಿಕೊಳ್ಳಬೇಕಾಯಿತು. ಉತ್ತರ ಸರಳವಿತ್ತು. ಅವಳು ಒಂದು ದಿನ ಮತ್ತೆ ಅದರ ಮೇಲೆ ಕೂರುತ್ತಾಳೆಂದು ನಾನು ನಂಬಿದ್ದೆ. ಡಾಕ್ಟರು ಹೇಳಿದ್ದು ನನ್ನ ತಲೆಗೆ ತಲುಪಿತ್ತು, ಕೈಗೆ ತಲುಪಿರಲಿಲ್ಲ. ಸೈಕಲ್ ಹೋದರೆ ಆ ನಂಬಿಕೆ ಹೋಗುತ್ತದೆ. ಹೋಗದಿದ್ದರೆ ಮಗಳು ಹೋಗುತ್ತಾಳೆ. ಬುದ್ಧಿ ನೆಟ್ಟಗಿದ್ದವನಿಗೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ನಾನು ಯೋಚಿಸುತ್ತ ಕೂತೆ.

ಸೈಕಲ್ ಇಳಿಸಿ, ಒರೆಸಿ, ಬೀದಿಯ ಪಕ್ಕ ನಿಲ್ಲಿಸಿ, ಫೋಟೋ ತೆಗೆದು ಜಾಹೀರಾತು ಹಾಕಿದೆವು. ನಾಲ್ಕನೆಯ ದಿನ ಜಿಮ್ ಮಾಸ್ತರೊಬ್ಬ ಬಂದ. ತೊಂಬತ್ತೆಂಟು ಕಿಲೋ, ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಕತ್ತಲೆ.

"ಸಾರ್, ಇದು ನನ್ನ ತಡಿಯುತ್ತಾ?"

"ನೀವೇ ಓಡಿಸಿ ನೋಡಿ" ಎಂದೆ.

ಪಂಪು ನನ್ನ ಜೇಬಿನಲ್ಲೇ ಇತ್ತು. ಅದು ತೊಡೆಗೆ ಒತ್ತುತ್ತಿರುವುದು ತಿಳಿಯುತ್ತಿತ್ತು. ತೆಗೆಯಲಿಲ್ಲ. ಮಾಸ್ತರ್ ಬೀದಿಯ ತುದಿಯ ಮೂರು ಮೆಟ್ಟಿಲುಗಳನ್ನು ಇಳಿಸಿದ. ಫೋರ್ಕು ತಳ ಮುಟ್ಟಿ ಟಕ್ಕೆಂದಿತು. ವಾಪಸು ಬಂದವನು ಸೈಕಲ್ಲಿನ ಭುಜ ತಟ್ಟಿದ, ಯಾವುದೋ ಮುದಿ ಕುದುರೆಯನ್ನು ತಟ್ಟುವ ಹಾಗೆ. "ಮುಂದಿನ ಕಾಲು ಹೋಗಿದೆ ಸಾರ್. ಪಾಪ."

ಅವನು ಹೋದ ಮೇಲೆ ಅಕ್ಕ ಮಹಡಿಯಿಂದ ಇಣುಕಿದಳು. "ಏನಂತೆ ಆ ಕಬ್ಬಿಣದ ಬೀರುಗೆ?"

"ಒಪ್ಪಿಗೆಯಾಗಲಿಲ್ಲ."

"ಸೈಕಲ್ಲಿಗೂ ಒಪ್ಪಿಗೆ ಆಗಿರಲ್ಲ ಬಿಡೋ."

ಒಳಗಿನಿಂದ ಚಕ್ರದ ಕಡ್ಡಿ ಬಿಗಿಯುವ ಕಿರ್ ಸದ್ದು ಮಾತ್ರ ಬರುತ್ತಿತ್ತು.

ಎರಡನೆಯವನು ವಾಚು ರಿಪೇರಿಯವನು, ಅಳತೆಗೋಲಿನಂತೆ ತೆಳ್ಳಗಿದ್ದ. ಕೈಯಿಟ್ಟರೆ ಎಲ್ಲವನ್ನೂ ತಿಳಿಯುವ ಬೆರಳುಗಳು. ಬ್ರೇಕು, ಗೇರು, ಹಿಂದಿನ ಚಕ್ರದ ಹಬ್ಬು ಎಲ್ಲವನ್ನೂ ಮೆಚ್ಚಿದ. ಫೋರ್ಕನ್ನು ಒತ್ತಿ ನೋಡಿ ಮುಖ ಸಣ್ಣದು ಮಾಡಿದ. "ಗಟ್ಟಿಯಾಗಿದೆಯಲ್ಲ, ಸ್ವಾಮಿ. ಒಳಗೆ ಏನೋ ಹಿಡ್ಕೊಂಡಿದೆ." ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ಯಾರಿಗೂ ಹೇಳಲಾಗದಂಥ ಒಂದು ಆಡಿಸುವಿಕೆ. ಐದು ಸಲ ಗಾಳಿ ಬಿಟ್ಟಿದ್ದರೆ ಅವನು ಅಂದೇ ಒಯ್ಯುತ್ತಿದ್ದ.

ತಿಂಗಳು ಮುಗಿಯಲು ಆರು ದಿನ ಉಳಿದಿತ್ತು. ಮಗಳು ಬೆಂಚಿನ ಕೆಳಗಿನ ಪೆಟ್ಟಿಗೆಯನ್ನೆಳೆದು ತನ್ನ ಸ್ವಂತದ ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿಡಲು ಶುರುಮಾಡಿದಳು. ದೊಡ್ಡದರಿಂದ ಚಿಕ್ಕದಕ್ಕೆ, ಸಾಲಾಗಿ. ಕನ್ನಡಕದ ಅಂಗಡಿಯಲ್ಲಿ ಅವು ಯಾವುದಕ್ಕೂ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಸರ್ವೆಯವಳು ಬಂದಳು. ನಲವತ್ತರ ಆಚೆಯ ಹೆಂಗಸು. ಬಿಸಿಲಿಗೆ ಬಣ್ಣಗೆಟ್ಟ ಟೋಪಿ, ಬೆನ್ನಿಗೆ ಮೂರು ಕಾಲಿನ ಸ್ಟ್ಯಾಂಡು. ಗುಡ್ಡಗಾಡಿನಲ್ಲಿ ಜಮೀನು ಅಳೆಯುವ ಕೆಲಸವಂತೆ, ಜೀಪು ಹೋಗದ ಕಡೆ ಸೈಕಲ್ ಬೇಕಂತೆ.

"ಯಾಕೆ ಮಾರ್ತಿದೀರಿ?"

"ಓಡಿಸೋರಿಲ್ಲ."

"ಯಾರದ್ದು ಇದು?"

"ನನ್ನ ಮಗಳದ್ದು."

"ಮದುವೆ ಆಗಿ ಹೋದ್ರಾ?"

"ಒಳಗಿದಾಳೆ."

ಅವಳು ಒಳಗೆ ಇಣುಕಿ ನೋಡಿದಳು. ಬೆನ್ನು ತಿರುಗಿಸಿ ಕೂತ ಮಗಳು ಕೈಯೆತ್ತಿ ನಮಸ್ಕಾರದ ಗುರುತು ತೋರಿದಳು. ಸರ್ವೆಯವಳು ಮತ್ತೇನೂ ಕೇಳದೆ ಸ್ಟ್ಯಾಂಡನ್ನು ಗೋಡೆಗೊರಗಿಸಿ ಸೈಕಲ್ ಹತ್ತಿದಳು. ಬಂದವರೆಲ್ಲರೂ ಮೊದಲು ಸೀಟನ್ನು ಏರಿಸುತ್ತಾರೆ ಇಲ್ಲವೆ ಇಳಿಸುತ್ತಾರೆ. ಅವಳು ಮುಟ್ಟಲಿಲ್ಲ. ಕಾಲು ಪೆಡಲಿಗೆ ಹೇಗೆ ಬೇಕೋ ಹಾಗೆ ಸಿಕ್ಕಿತು. ಫೋರ್ಕು ಒಂದು ಅಂಗುಲದಷ್ಟು ತಗ್ಗಿ, ಅಲ್ಲಿಗೇ ನಿಂತಿತು.

ನಾನು ಆ ಒಂದು ಅಂಗುಲವನ್ನೇ ನೋಡಿದೆ. ತಕ್ಕಡಿಯ ಎರಡೂ ಕಡೆ ಒಂದೇ ಆಗಿ ಮುಳ್ಳು ನಡುವೆ ನಿಂತ ಹಾಗಿತ್ತು.

"ನಿಮ್ಮ ತೂಕ ಎಷ್ಟಮ್ಮಾ?"

"ಐವತ್ತನಾಲ್ಕು, ಐವತ್ತೈದು. ಯಾಕೆ, ಜಾಸ್ತಿ ಆಯ್ತಾ?"

"ಇಲ್ಲ."

"ಗುಡ್ಡದಲ್ಲಿ ಓಡಿಸಿ ನೋಡಬಹುದಾ?"

ಆಗುವುದಿಲ್ಲ ಎನ್ನಲು ನನಗೆ ಕಾರಣ ಹೊಳೆಯಲಿಲ್ಲ. ನನ್ನ ಹಳೆಯ ಸೈಕಲ್ ತೆಗೆದುಕೊಂಡು ಹಿಂದೆ ಹೊರಟೆ.

ನೀರಿನ ಟ್ಯಾಂಕಿನ ಹಿಂದೆ ಡಾಂಬರು ಮುಗಿದು ಜಲ್ಲಿಯ ದಾರಿ ಶುರುವಾಗುತ್ತದೆ, ಅದು ಸುತ್ತಿಕೊಂಡು ಕಲ್ಲುಗಣಿಯ ತಲೆಗೆ ಹೋಗುತ್ತದೆ. ಹತ್ತುವಾಗ ಅವಳ ಬೆನ್ನು ನನ್ನ ಮುಂದಿತ್ತು. ಏರಿನಲ್ಲಿ ಸೀಟಿನ ತುದಿಗೆ ಸರಿದು ಎದೆಯನ್ನು ಹ್ಯಾಂಡಲಿಗೆ ತರುವ ರೀತಿ, ಗೇರು ಬದಲಿಸುವ ಮುನ್ನ ಕ್ಷಣಕಾಲ ಪೆಡಲು ಹಗುರ ಮಾಡುವ ರೀತಿ. ಯಾರು ಓಡಿಸಿದರೂ ಸೈಕಲ್ಲು ಕಲಿಸುವ ರೀತಿಗಳು ಇವು, ಮಗಳೊಬ್ಬಳದೇ ಏನಲ್ಲ. ಆದರೂ ಬೆನ್ನಿಗೆ ಮುಖವಿರುವುದಿಲ್ಲ. ನಾನು ಬಹಳ ಹೊತ್ತು ಆ ಬೆನ್ನನ್ನು ನೋಡಿಕೊಂಡು ಪೆಡಲು ತುಳಿದೆ. ಅವಳು ತಿರುಗಿ "ಬರ್ತಿದೀರಾ?" ಎಂದು ಕೇಳಿದಾಗ, ಯಾರದೋ ಮನೆಯ ಬಾಗಿಲನ್ನು ತಪ್ಪಿ ತೆರೆದವನಂತೆ ದೃಷ್ಟಿಯನ್ನು ಜಲ್ಲಿಯ ಮೇಲೆ ಇಳಿಸಿದೆ.

ಇಳಿಯುವ ದಾರಿಯ ನಡುವೆ ಒಂದು ಹಾಸುಗಲ್ಲಿದೆ. ದಾರಿ ಅಲ್ಲಿ ಎರಡಾಗುತ್ತದೆ. ಎಡಗಡೆ ಎರಡು ಗಿಡ್ಡ ಮೆಟ್ಟಿಲು, ಬಲಗಡೆ ಎದೆಯೆತ್ತರದ ಒಂದೇ ಜಿಗಿತ. ಮೇಲಿನಿಂದ ನೋಡಿದರೆ ಬಲಗಡೆಯದೇ ಸಲೀಸು, ನೇರ. ಕಲ್ಲಿನ ಅಂಚು ಜಿಗಿತವನ್ನು ಮರೆಮಾಡುತ್ತದೆ. ಮಗಳು ಬಿದ್ದದ್ದು ಈ ಕಲ್ಲಿನ ಹತ್ತಿರ ಎಂದಷ್ಟೇ ನನಗೆ ಗೊತ್ತಿತ್ತು. ಯಾವ ಕಡೆಯೆಂದು ಕೇಳಿರಲಿಲ್ಲ.

ಸರ್ವೆಯವಳು ಬ್ರೇಕು ಹಿಡಿದು, ಒಂದು ಕಾಲು ನೆಲಕ್ಕೂರಿ ನಿಂತಳು. ಕೆಲಸದ ಕಣ್ಣಿನಿಂದ ಇಳಿಜಾರನ್ನು ಅಳೆಯುತ್ತಿದ್ದಳು.

"ಯಾವ ಕಡೆಯಿಂದ ಇಳೀಬೇಕು?"

ಬಲಗಡೆ ಎಂದರೆ ಈ ವ್ಯಾಪಾರ ಇಲ್ಲಿಗೇ ಮುಗಿಯುತ್ತದೆ ಎಂಬ ಯೋಚನೆ ಬಂತು. ಅದು ಬಂದದ್ದಕ್ಕೆ ನಾನು ಬೆಚ್ಚಲಿಲ್ಲ, ನಾಚಲಿಲ್ಲ. ರಸ್ತೆ ದಾಟುವ ಅಪರಿಚಿತನನ್ನು ನೋಡುವಂತೆ ಅದು ದಾಟಿಹೋಗುವುದನ್ನು ನೋಡಿದೆ. ಕಲ್ಲುಗಣಿಯ ತಳದಲ್ಲಿ ನಿಂತ ನೀರು ಹಸಿರಾಗಿತ್ತು. ಒಂದು ಹಕ್ಕಿ ಅದರ ಮೇಲೆ ಹಾರಿತು. ನೀರಿನಲ್ಲಿ ಇನ್ನೊಂದು ಹಾರಿತು.

"ಸಾರ್?"

"ಎಡಗಡೆ. ಮೈ ಹಿಂದಕ್ಕೆ ಹಾಕಿ. ಮುಂದಿನ ಬ್ರೇಕು ಮುಟ್ಟಬೇಡಿ."

ಅವಳು ಎದ್ದು ಪೆಡಲಿನ ಮೇಲೆ ನಿಂತಳು. ಮೊದಲ ಮೆಟ್ಟಿಲಿಗೆ ಫೋರ್ಕು ತಗ್ಗಿತು, ಎದ್ದಿತು. ಎರಡನೆಯದಕ್ಕೆ ಇನ್ನೂ ಆಳಕ್ಕೆ ತಗ್ಗಿ, ನುಂಗಬೇಕಾದ್ದನ್ನು ನುಂಗಿ, ಉಸಿರು ಬಿಟ್ಟ ಹಾಗೆ ಎದ್ದಿತು. ಸದ್ದಿಲ್ಲ. ಎಲ್ಲಿಯೂ ತಳ ಮುಟ್ಟಲಿಲ್ಲ, ಎಲ್ಲಿಯೂ ಕಲ್ಲಾಗಲಿಲ್ಲ. ನಾನು ತುಂಬಿಟ್ಟ ಗಾಳಿ ಅವಳನ್ನು ಒಂದು ಗುಂಜಿಯೂ ಹೆಚ್ಚುಕಡಿಮೆಯಿಲ್ಲದೆ ಹೊತ್ತು ಕೆಳಗಿಳಿಸಿತು. ಕೆಳಗಿನಿಂದ ಅವಳು ನಗುತ್ತ ಕೈಬೀಸಿದಳು. "ಬೆಣ್ಣೆ ಇದ್ದ ಹಾಗಿದೆ ಸಾರ್! ಯಾರು ಇದನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿರೋರು?"

ನಾನು ಸೈಕಲ್ಲಿನಿಂದಿಳಿದು, ಅದನ್ನು ತಳ್ಳಿಕೊಂಡು, ಕಲ್ಲಿನ ಪಕ್ಕದಿಂದ ನಡೆದು ಇಳಿದೆ.

ಅಂಗಡಿಯ ಮುಂದೆ ದುಡ್ಡಿನ ಮಾತು ಒಂದೇ ನಿಮಿಷದಲ್ಲಿ ಮುಗಿಯಿತು. ನಾನು ಹೇಳಿದೆ, ಅವಳು ಕೊಟ್ಟಳು. ಸ್ಟ್ಯಾಂಡನ್ನು ಬೆನ್ನಿಗೇರಿಸಿಕೊಂಡು, ಒಳಗೆ ಕೈಬೀಸಿ, ಹೊರಟುಹೋದಳು. ಬೀದಿಯ ತಿರುವಿನಲ್ಲಿ ಟೋಪಿ ಕಂಡಿತು. ಆಮೇಲೆ ತಿರುವು ಮಾತ್ರ ಇತ್ತು.

ಮಹಡಿಯಿಂದ ಅಕ್ಕ ಕೂಗಿದಳು: "ಬದುಕಿ ಮನೆಗೆ ಹೋಯ್ತೇನೋ ಒಂದಾದ್ರೂ?"

"ಹೋಯ್ತು."

ಒಳಗೆ ಬಂದೆ. ಮಗಳು ಬೆಂಚಿನ ಅಂಚನ್ನು ಹಿಡಿದು ಎದ್ದು ನಿಂತಿದ್ದಳು.

"ಕಲ್ಲು ಇಳಿದ್ರಾ?"

"ಇಳಿದ್ರು."

"ಯಾವ ಕಡೆಯಿಂದ?"

"ಎಡಗಡೆ. ನಾನೇ ಹೇಳ್ದೆ."

"ನಾನು ಬಲಗಡೆ ಹೋಗಿದ್ದೆ. ಯಾವಾಗ್ಲೂ ಬಲಗಡೇನೇ ಹೋಗ್ತಿದ್ದೆ. ನಲವತ್ತು ಸಲ ಹೋಗಿರ್ತೀನಿ. ಆವತ್ತು ಬಿದ್ದೆ, ಅಷ್ಟೇ."

ನಾನು ಸ್ಟೂಲಿನ ಮೇಲೆ ಕೂತೆ. ಎರಡು ದಿನದಿಂದ ಅಲ್ಲಿಯೇ ಬಿಚ್ಚಿಟ್ಟಿದ್ದ ಪೆಡಲೊಂದನ್ನು ಎತ್ತಿಕೊಂಡು ಅದರ ಬೇರಿಂಗಿನ ಗ್ರೀಸನ್ನು ಬೆರಳಿನಿಂದ ತೆಗೆಯತೊಡಗಿದೆ. ಕೈಗೆ ಏನಾದರೂ ಬೇಕಿತ್ತು.

"ಅಪ್ಪಾ."

"ಹೇಳು."

"ಜಿಮ್ ಮಾಸ್ತರ್ ಬಂದಾಗ್ಲೇ ಗೊತ್ತಾಯ್ತು ನಂಗೆ. ಪಂಪಿನ ಸದ್ದೇ ಬರ್ಲಿಲ್ಲ. ಈ ಕಿವಿ ಬೇರೆ ಕೆಲಸಕ್ಕೆ ಬಾರದೇ ಇರಬಹುದು, ಸದ್ದು ಚೆನ್ನಾಗೇ ಕೇಳುತ್ತೆ."

ಬೆರಳು ನಿಂತಿತು.

"ಭಾನುವಾರದ ಏಣಿನೂ ಗೊತ್ತು. ಅದರ ಒಂದು ಕಾಲು ಗಿಡ್ಡ ಇದೆ. ನೀನು ಹತ್ತಿದಾಗೆಲ್ಲ ಟಕ್ ಅನ್ನುತ್ತೆ, ಬಚ್ಚಲಿಗೂ ಕೇಳುತ್ತೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನಾಗೇ ನಿಲ್ಲಿಸ್ತೀಯೇನೋ ಅಂತ ನೋಡ್ತಿದ್ದೆ. ತಿಂಗಳಾಯ್ತು, ಎರಡು ತಿಂಗಳಾಯ್ತು. ಅಪ್ಪ ಪಂಪು ಹೊಡೀತಾನೇ ಇದಾನೆ, ನಾನು ತಲೆಗೆ ನೀರು ಹುಯ್ಕೊಳ್ತಾನೇ ಇದೀನಿ." ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಅದರ ಕೆಳಗೆ ಕೂತು ಕೆಲಸ ಮಾಡೋಕೆ ನಂಗೇನೂ ಕಷ್ಟ ಇರ್ಲಿಲ್ಲ, ಗೊತ್ತಾ? ಸೈಕಲ್ ಅದು. ಕಬ್ಬಿಣ, ರಬ್ಬರು. ನೀನು ಅದನ್ನ ನೋಡಿ ಆಮೇಲೆ ನನ್ನ ನೋಡ್ತಿದ್ದೆಯಲ್ಲ, ಅದಕ್ಕೇ ಹೋಗ್ತೀನಿ ಅಂದಿದ್ದು."

ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಬರುತ್ತ ಪೀಂಪೀಂ ಎನ್ನುತ್ತಿತ್ತು. ಅದು ನಿಲ್ಲುವವರೆಗೆ ಇಬ್ಬರೂ ಕಾದೆವು.

"ನಾನು ಇನ್ನು ಸೈಕಲ್ ಓಡಿಸಲ್ಲ ಅಪ್ಪಾ. ಡಾಕ್ಟರ್ ಹೇಳಿದಾರೆ, ನಾನು ಹೇಳಿದೀನಿ, ಅತ್ತೆ ಕೂಡ ತಮಾಷೆ ಮಾಡಿ ಹೇಳಿದಾರೆ. ನೀನೊಬ್ಬ ಹೇಳಿಲ್ಲ. ಒಂದ್ಸಲ ಹೇಳು, ನಾನು ಕೇಳ್ಬೇಕು."

ನಾನು ಪೆಡಲನ್ನು ಕೆಳಗಿಟ್ಟೆ. ಅವಳು ನನ್ನ ಮುಖವನ್ನು ದೃಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು, ಕಂಬವನ್ನೋ ಬಾಗಿಲನ್ನೋ ಹಿಡಿಯುವ ಹಾಗೆ. ನಾನು ಅಲುಗಿದರೆ ಬೀಳುತ್ತಾಳೆಂದು ಅನ್ನಿಸಿತು. ಅಲುಗಲಿಲ್ಲ.

"ನೀನು ಇನ್ನು ಸೈಕಲ್ ಓಡಿಸಲ್ಲ."

ಅದು ಅಷ್ಟು ಚಿಕ್ಕ ವಾಕ್ಯವೆಂದು ನನಗೆ ಗೊತ್ತಿರಲಿಲ್ಲ. ಬಾಯಿಂದ ಹೊರಬಿದ್ದ ಮೇಲೂ ಎದೆಯಲ್ಲಿ ಏನೂ ಆಗಲಿಲ್ಲ. ಏನಾದರೂ ಆದೀತೆಂದು ನಾನು ಸ್ವಲ್ಪ ಹೊತ್ತು ಕಾದದ್ದಂತೂ ನಿಜ.

"ಸರಿ" ಎಂದಳು ಮಗಳು. ಕೂತು, ಸುತ್ತಿಟ್ಟ ಬಟ್ಟೆಯನ್ನು ಮೊಣಕಾಲಿನ ಮೇಲೆ ಬಿಡಿಸಿ, ಸ್ಪ್ಯಾನರೊಂದನ್ನು ತೆಗೆದುಕೊಂಡಳು. "ಕೈ ತೊಳ್ಕೊ ಹೋಗು. ಗ್ರೀಸೆಲ್ಲ ಅಂಗಿಗೆ ಒರೆಸ್ಕೊಂಡಿದೀಯ."

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಗ್ರೀಸು ಬರೀ ನೀರಿಗೆ ಹೋಗುವಂಥದ್ದಲ್ಲ. ಸೋಪು ಹಚ್ಚಿ, ಉಗುರಿನ ಸಂದಿಯವರೆಗೂ ಉಜ್ಜುತ್ತ ನಿಂತೆ. ಮುಂದಿನ ಕೋಣೆಯಿಂದ ಕಡ್ಡಿ ಬಿಗಿಯುವ ಸದ್ದು ಮತ್ತೆ ಶುರುವಾಯಿತು.